ಗೆಳೆಯನ 911, ಮೂರು ದಿನ, ಒಂದು ರೇಸ್ ಟ್ರ್ಯಾಕ್

ಹೊರಡುವ ಹಿಂದಿನ ಸಂಜೆ: ಬೇಸ್‌ಮೆಂಟ್‌ನಲ್ಲಿ ಒಂದೂವರೆ ಗಂಟೆ

"ತಗೊಂಡ್ ಹೋಗು, ಓಡಿಸಿ ನೋಡು" ಎಂದು ಗೆಳೆಯ ಕೀಲಿ ಕೊಟ್ಟರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಹತ್ತಿರದ ರಿಂಗ್ ರೋಡಿಗೆ ಹೋಗಿ, ಖಾಲಿ ಜಾಗ ಸಿಕ್ಕಲ್ಲಿ ಒಮ್ಮೆ ಆಕ್ಸಿಲರೇಟರ್ ತುಳಿದು, ಬೆನ್ನು ಸೀಟಿಗೆ ಅಂಟಿದ ಖುಷಿಯಲ್ಲಿ ವಾಪಸ್ ಬರುವುದು. ಅದರಿಂದ ಕಾರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಈ ಕಾರು ಪೋರ್ಷೆ 911 ಕರೇರಾ ಎಸ್, 992 ಎಂದು ಕರೆಯುವ ತಲೆಮಾರಿನದು, ಭಾರತಕ್ಕೆ 2019ರಲ್ಲಿ ಬಂದದ್ದು. ಹಿಂದಿನ ಆಕ್ಸೆಲ್‌ಗೂ ಹಿಂದೆ ಕೂತ 2,981 ಸಿಸಿಯ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ, 450 ಅಶ್ವಶಕ್ತಿ, ಎಂಟು ಗೇರಿನ ಪಿಡಿಕೆ, ಅಂದರೆ ತಾನೇ ಗೇರ್ ಬದಲಿಸುವ ಪೆಟ್ಟಿಗೆ. ಇದರ ಮೊದಲ ಗೇರ್ ಸುಮಾರು 60 ಕಿ.ಮೀ. ವೇಗಕ್ಕೆ ಮುಗಿಯುತ್ತದೆ, ಎರಡನೆಯದು ಸುಮಾರು 95ಕ್ಕೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾನೂನು ಒಪ್ಪುವ ಮಿತಿ 100. ಅಂದರೆ ಎರಡನೇ ಗೇರ್ ಮುಗಿಯುವ ಹೊತ್ತಿಗೆ ಕಾನೂನೂ ಮುಗಿದಿರುತ್ತದೆ. ಉಳಿದ ಆರು ಗೇರ್‌ಗಳ ಬಲವನ್ನು ರಸ್ತೆಯಲ್ಲಿ ಪರೀಕ್ಷಿಸುವ ಮಾತೇ ಇಲ್ಲ. ಕರ್ನಾಟಕದಲ್ಲಂತೂ 2024ರ ಆಗಸ್ಟ್‌ನಿಂದ 130 ದಾಟಿದರೆ ದಂಡದ ಚೀಟಿಯಲ್ಲ, ಎಫ್‌ಐಆರ್.

ಆದ್ದರಿಂದ ಈ ಪ್ರವಾಸದ ನಕ್ಷೆ ಹೀಗೆ: ಹೆದ್ದಾರಿಯಲ್ಲಿ ಕಾರಿನ ಸ್ವಭಾವ ನೋಡುವುದು, ಟ್ರ್ಯಾಕಿನಲ್ಲಿ ಬಲ ನೋಡುವುದು, ಬೆಟ್ಟದ ತಿರುವಿನಲ್ಲಿ ನಿಧಾನದ ನಡಿಗೆ ನೋಡುವುದು. ಬೆಂಗಳೂರಿನಿಂದ ಚೆನ್ನೈ ಹತ್ತಿರದ ಶ್ರೀಪೆರಂಬುದೂರು ಪಕ್ಕದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್, ಬರುವಾಗ ಏಲಗಿರಿ ಬೆಟ್ಟ.

ಮೊದಲು ಕಾಗದ, ಆಮೇಲೆ ಕಾರು. ನಮ್ಮ ದೇಶದ ಖಾಸಗಿ ಕಾರಿನ ವಿಮೆ ಮಾಲೀಕನ ಒಪ್ಪಿಗೆಯಿಂದ ಓಡಿಸುವ, ಚಾಲ್ತಿಯಲ್ಲಿರುವ ಲೈಸೆನ್ಸ್ ಇರುವ ಯಾರಿಗಾದರೂ ಅನ್ವಯಿಸುತ್ತದೆ. ಗೆಳೆಯ ವಾಟ್ಸ್‌ಆ್ಯಪ್‌ನಲ್ಲಿ "ಈ ಮೂರು ದಿನ ಇವನು ಓಡಿಸುತ್ತಾನೆ" ಎಂದು ಒಂದು ಸಾಲು ಹಾಕಿದ್ದರೆ ಒಪ್ಪಿಗೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಅದೇ ಪಾಲಿಸಿಯ ಬಳಕೆಯ ಮಿತಿಗಳನ್ನು ಓದಿದವರು ಕಡಿಮೆ. ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ವಾಹನದ ತಾಳಿಕೆ ಪರೀಕ್ಷೆ) ಇವಕ್ಕೆಲ್ಲ ವಿಮೆ ಇಲ್ಲವೆಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಟ್ರ್ಯಾಕಿನ ಗೇಟು ದಾಟಿದ ಮೇಲೆ ಗೋಡೆಗೆ ಗುದ್ದಿದರೆ ಖರ್ಚು ಪೂರ್ತಿ ಕೈಯಿಂದ. ಅದು ಯಾರ ಕೈಯಿಂದ ಎನ್ನುವುದನ್ನು ಗೆಳೆತನ ಚೆನ್ನಾಗಿರುವಾಗಲೇ ಮಾತಾಡಿಕೊಳ್ಳಬೇಕು.

ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ. ಪಾಲಿಸಿಯಲ್ಲಿ ಸೇರಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕನಿಗೆ ಮಾತ್ರ. ಎರವಲು ತಂದು ಓಡಿಸುವವನಿಗೆ ಅದು ಸಿಗದು. ಇಳಕಲ್‌ನಿಂದ ಗೂಡೂರಿಗೆ ಬೇರೆಯವರ ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ಎತ್ತಿನಗಾಡಿಗೆ ಡಿಕ್ಕಿ ಹೊಡೆದು ತೀರಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಇದನ್ನೇ: ವಾಹನ ಎರವಲು ಪಡೆದವನು ಮಾಲೀಕನ ಜಾಗದಲ್ಲಿ ನಿಂತಂತೆ. ನಿಮ್ಮದೇ ಹೆಸರಿನ ಅಪಘಾತ ವಿಮೆ ಇಲ್ಲದಿದ್ದರೆ ಮಾಡಿಸಿಕೊಂಡೇ ಹೊರಡಿ. ಕಾರಿನ ಬೆಲೆ ಎದುರು ಅದರ ಕಂತು ಲೆಕ್ಕಕ್ಕೇ ಬರದು.

ಇನ್ನು ಕಾರು. ಟೈರಿನಿಂದ ಶುರು. ಮುಂದೆ 245/35, 20 ಇಂಚು. ಹಿಂದೆ 305/30, 21 ಇಂಚು. ಮುಂದಿನದನ್ನು ಹಿಂದಕ್ಕೆ ಹಾಕಲಾಗದು, ಸ್ಟೆಪ್ನಿ ಇಲ್ಲವೇ ಇಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಮುದ್ರೆ ಹುಡುಕಿ: 2322 ಎಂದಿದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ವಾರಕ್ಕೊಮ್ಮೆ ಮಾತ್ರ ಹೊರಬರುವ ಕಾರುಗಳಲ್ಲಿ ಟೈರು ಸವೆಯುವುದಕ್ಕಿಂತ ಮೊದಲು ಮುದಿಯಾಗುತ್ತದೆ. ಟೈರಿನ ಹೂವು, ಅಂದರೆ ಮೇಲಿನ ಗೀರುಗಳು, ಇನ್ನೂ ಆಳವಾಗಿದ್ದರೂ ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗಿರುತ್ತದೆ. ಆರು ವರ್ಷ ದಾಟಿದ ಟೈರಿನಲ್ಲಿ ಟ್ರ್ಯಾಕಿಗೆ ಹೋಗಲೇಬಾರದು. ಒಳಭುಜವನ್ನು ಕೈ ಹಾಕಿ ಸವರಿ ನೋಡಿ. ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುವುದರಿಂದ ಹೊರಗೆ ಹೊಸದಾಗಿ ಕಾಣುವ ಟೈರು ಒಳಗೆ ಬೋಳಾಗಿರುವುದುಂಟು.

ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಕೆಂಪಗಿದ್ದರೆ ಡಿಸ್ಕ್ ಎರಕದ ಕಬ್ಬಿಣದ್ದು, ಹಳದಿಯಾದರೆ ಸಾಮಾನ್ಯವಾಗಿ ಸೆರಾಮಿಕ್. ಇದರದ್ದು ಕೆಂಪು; ಮುಂದೆ ಆರು ಪಿಸ್ಟನ್, ಡಿಸ್ಕ್ 350 ಮಿ.ಮೀ. ಚಕ್ರದ ಕಡ್ಡಿಗಳ ನಡುವೆ ಟಾರ್ಚ್ ಹಾಕಿದರೆ ಪ್ಯಾಡಿನ ದಪ್ಪ ಕಾಣುತ್ತದೆ. ಅದಕ್ಕಿಂತ ಮುಖ್ಯ ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಕುದಿಯುವ ಉಷ್ಣತೆ ಇಳಿಯುತ್ತದೆ. ಊರಿನೊಳಗೆ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನ ನಾಲ್ಕನೇ ಸುತ್ತಿನಲ್ಲಿ ಪೆಡಲ್ ಸ್ಪಂಜಿನಂತೆ ಒಳಗೆ ಹೋದಾಗ ಗೊತ್ತಾಗುತ್ತದೆ. ಕಂಪನಿಯ ಲೆಕ್ಕ ಎರಡು ವರ್ಷಕ್ಕೊಮ್ಮೆ. ಸರ್ವಿಸ್ ಪುಸ್ತಕದಲ್ಲಿ ಕೊನೆಯ ತಾರೀಖು ನೋಡದೆ ಹೊರಡಬೇಡಿ.

ಎಂಜಿನ್ ಆಯಿಲ್ ನೋಡುವ ಕಡ್ಡಿ ಈ ಕಾರಿನಲ್ಲಿಲ್ಲ. ಹಿಂದಿನ ಮುಚ್ಚಳ ಎತ್ತಿದರೆ ಕಾಣುವುದು ಎರಡು ಫ್ಯಾನು, ಆಯಿಲ್ ಹಾಕುವ ಬಾಯಿ, ಕೂಲೆಂಟ್ ಹಾಕುವ ಬಾಯಿ, ಅಷ್ಟೇ. ಮಟ್ಟ ನೋಡುವುದು ಪರದೆಯಲ್ಲಿ. ಅದೂ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಬಿಸಿಯಾದ ಮೇಲೆ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ನೋಡಿ ಕಡಿಮೆ ಇದೆ ಎಂದು ಒಂದು ಲೀಟರ್ ಸುರಿದವರಿದ್ದಾರೆ. ಹೆಚ್ಚಾದ ಆಯಿಲ್ ಕಡಿಮೆ ಆಯಿಲಿನಷ್ಟೇ ಕೆಟ್ಟದ್ದು.

ಕೊನೆಗೆ ಫೋಟೊ. ನಾಲ್ಕೂ ಚಕ್ರದ ಅಂಚು, ಮುಂದಿನ ಬಂಪರಿನ ಕೆಳತುಟಿ, ಗಾಜು, ಓಡಿದ ಕಿಲೋಮೀಟರ್, ಪೆಟ್ರೋಲ್ ಮಟ್ಟ. ಗೆಳೆಯ ಪಕ್ಕದಲ್ಲೇ ನಿಂತಿರುವಾಗ ತೆಗೆಯಿರಿ. ಸಂಕೋಚ ಪಡುವ ವಿಷಯವಲ್ಲ.

ಮೊದಲ ದಿನ: ಬೆಂಗಳೂರು – ಆಂಬೂರು – ಶ್ರೀಪೆರಂಬುದೂರು, ಸುಮಾರು 310 ಕಿ.ಮೀ.

ಹೊರಟದ್ದು ಬೆಳಿಗ್ಗೆ ಐದಕ್ಕೆ. ಇಷ್ಟು ಬೇಗ ಹೊರಡುವುದಕ್ಕೆ ತಂಪು ಒಂದೇ ಕಾರಣವಲ್ಲ. ಸಿಲ್ಕ್ ಬೋರ್ಡಿನಲ್ಲಿ ಏಳರ ಮೇಲೆ ಸಿಕ್ಕಿಕೊಂಡರೆ ಇಂಚಿಂಚು ಮುಂದೆ ಹೋಗುವಾಗ ಪಿಡಿಕೆಯ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತಾ ಹೋಗುತ್ತದೆ. ಹೊರಗಿನಿಂದ ಆಟೊಮ್ಯಾಟಿಕ್‌ನಂತೆ ಕಂಡರೂ ಒಳಗಿರುವುದು ಎರಡು ಕ್ಲಚ್. ಮುಂದಿನ ಗಾಡಿ ಎರಡಡಿ ಸರಿದ ಕೂಡಲೇ ಸರಿಯಬಾರದು, ಒಂದು ಕಾರಿನಷ್ಟು ಜಾಗ ಆದಮೇಲೆ ಒಮ್ಮೆಲೇ ಸರಿಯಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿ ಹಿಡಿಯಬಾರದು, ಬ್ರೇಕಿನಲ್ಲೇ ಹಿಡಿಯಬೇಕು.

ಅಪಾರ್ಟ್‌ಮೆಂಟಿನ ರ‍್ಯಾಂಪೇ ಮೊದಲ ಪರೀಕ್ಷೆ. ಕಾರಿನ ಅಡಿಗೆ ಸಿಗುವುದು ಹನ್ನೆರಡು ಸೆಂಟಿಮೀಟರ್ ಆಸುಪಾಸು. ಮುಂಭಾಗ ಎತ್ತುವ ಲಿಫ್ಟ್ ಹಾಕಿಸಿದ್ದರೆ ಬಟನ್ ಒತ್ತಿದ ಕೆಲವೇ ಸೆಕೆಂಡಿನಲ್ಲಿ ಮೂತಿ ಸುಮಾರು 40 ಮಿ.ಮೀ. ಮೇಲೇಳುತ್ತದೆ, ಸುಮಾರು 35 ಕಿ.ಮೀ. ವೇಗ ದಾಟಿದರೆ ತಾನೇ ಇಳಿಯುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು, ಹಂಪ್ಸ್ ಎದುರು ಬಂದು ನಿಂತ ಮೇಲೆ ಬಟನ್ ಹುಡುಕುವುದು. ಹಿಂದಿನ ಬಸ್ಸಿನವನಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಮೂವತ್ತು ಅಡಿ ದೂರದಲ್ಲೇ ಒತ್ತಿ. ಹಂಪಿನ ಮೇಲೆ ಕಾರನ್ನು ಓರೆಯಾಗಿ ಹತ್ತಿಸಿದರೆ ಒಂದೊಂದೇ ಚಕ್ರ ಏರುತ್ತದೆ, ಹೊಟ್ಟೆ ಉಜ್ಜುವುದಿಲ್ಲ. ಮೂತಿ ದಾಟಿತು ಎಂದು ನಿಟ್ಟುಸಿರು ಬಿಟ್ಟು ಬ್ರೇಕಿನಿಂದ ಕಾಲೆತ್ತಿದಾಗಲೇ ನಡುಭಾಗ ತಾಗುವುದು. ಬ್ರೇಕ್ ಒತ್ತಿಕೊಂಡೇ ಇಳಿದರೂ ಕಷ್ಟ, ಮೂತಿ ಇನ್ನಷ್ಟು ಕುಗ್ಗುತ್ತದೆ. ಇಳಿಯುವ ಕ್ಷಣಕ್ಕೆ ಬ್ರೇಕನ್ನು ಹಗುರ ಮಾಡಬೇಕು.

ಮೊದಲ ಹದಿನೈದು ನಿಮಿಷ ನೋಡಬೇಕಾದ ಮುಳ್ಳು ಸ್ಪೀಡಿನದಲ್ಲ, ಆಯಿಲ್ ಉಷ್ಣತೆಯದು. ಕೂಲೆಂಟ್ ಐದು ನಿಮಿಷದಲ್ಲಿ ಬಿಸಿಯಾಗಿ ಎಲ್ಲ ತಯಾರು ಎಂದು ನಂಬಿಸುತ್ತದೆ. ಆಯಿಲ್‌ಗೆ ಅದರ ಎರಡು ಮೂರು ಪಟ್ಟು ಹೊತ್ತು ಬೇಕು. 80 ಡಿಗ್ರಿ ಆಗುವವರೆಗೆ 4,000 ಆರ್‌ಪಿಎಂ ಒಳಗೇ ಇರುವುದು ಕ್ಷೇಮ. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಇಳಿಯುವಷ್ಟರಲ್ಲಿ 85 ತೋರಿಸಿತು.

ಅತ್ತಿಬೆಲೆ ಟೋಲಿನಲ್ಲಿ ಬಲಗಡೆಯ ತುದಿಯ ಲೇನ್ ಬೇಡ, ಎಡಗಡೆಯದೂ ಬೇಡ. ಲಾರಿಗಳು ನಿಂತು ನಿಂತು ಡಾಂಬರು ಗುಳಿಬಿದ್ದಿರುವುದು ಎಡಗಡೆ. ಗುಳಿಯ ಎರಡು ಬದಿಯ ದಿಣ್ಣೆಯ ಮೇಲೆ ಚಕ್ರ ನಡೆಸಬೇಕು. ಗುಳಿಯೊಳಗೆ ಚಕ್ರ ಇಳಿದರೆ ನಡುವಿನ ಏಣು ಹೊಟ್ಟೆಗೆ ತಾಗುತ್ತದೆ.

ಹೊಸೂರು ದಾಟಿದ ಮೇಲೆ ರಸ್ತೆ ತೆರೆದುಕೊಳ್ಳುತ್ತದೆ. ಪಂಕ್ಚರ್ ಆಗುವುದಿದ್ದರೆ ಇಲ್ಲೇ ಆಗಲಿ ಎನ್ನಬೇಕು; ಹೊಸೂರು ಸೀಮೆಯಲ್ಲಿ ಕನ್ನಡದಲ್ಲೇ ವ್ಯವಹಾರ ಮುಗಿಸಬಹುದು. ಪಂಕ್ಚರ್ ಅಂಗಡಿಯಲ್ಲಿ ಹೇಳಲೇಬೇಕಾದ ಒಂದು ಮಾತಿದೆ: ಜ್ಯಾಕನ್ನು ಸಿಕ್ಕಲ್ಲಿ ಕೊಡಬೇಡಿ. ಅಡಿಯೆಲ್ಲ ಪ್ಲಾಸ್ಟಿಕ್ ಹೊದಿಕೆ, ಭಾರ ಬಿದ್ದರೆ ಒಡೆಯುತ್ತದೆ. ಜ್ಯಾಕ್ ಕೊಡಲು ನಾಲ್ಕು ಗೊತ್ತಾದ ಜಾಗಗಳಿವೆ, ಅಲ್ಲಿಗೂ ರಬ್ಬರ್ ತುಂಡು ಇಟ್ಟೇ ಎತ್ತಬೇಕು. ಚಕ್ರದ ಬೋಲ್ಟ್ ಬಿಗಿ 160 ನ್ಯೂಟನ್ ಮೀಟರ್. ಪಾನಾದ ಮೇಲೆ ಹತ್ತಿ ಕುಣಿಯುವಂತಿಲ್ಲ. ಮುಂದಿನ ಡಿಕ್ಕಿಯಲ್ಲಿರುವ ಅಂಟುದ್ರವ ಮತ್ತು ಗಾಳಿ ಪಂಪು ಸಣ್ಣ ಮೊಳೆಗೆ ಸಾಕು. ಟೈರಿನ ಪಕ್ಕ ಸೀಳಿದರೆ ಫ್ಲ್ಯಾಟ್‌ಬೆಡ್ ಕರೆಯುವುದೇ ದಾರಿ. 305ರ ಟೈರು ಕೃಷ್ಣಗಿರಿಯಲ್ಲಿ ಸಿಗುವುದಿಲ್ಲ.

ಎಂಟನೇ ಗೇರಿನಲ್ಲಿ 100 ಕಿ.ಮೀ. ವೇಗ, ಎಂಜಿನ್ ಸುಮಾರು 1,500 ಆರ್‌ಪಿಎಂ. ಇಷ್ಟು ಮೆಲ್ಲಗೆ ಉಸಿರಾಡುತ್ತಾ ಹೋಗುವಾಗ ಲೀಟರಿಗೆ ಹತ್ತು ಕಿಲೋಮೀಟರ್ ಮೇಲೂ ಕೊಡುತ್ತದೆ. ಈ ಕಾರಿನ ಅತಿ ಹೆಚ್ಚಿನ ವೇಗ ಬರುವುದು ಆರನೇ ಗೇರಿನಲ್ಲಿ. ಏಳು ಮತ್ತು ಎಂಟು ಬರೀ ಪೆಟ್ರೋಲ್ ಉಳಿಸಲು. ಪೆಟ್ರೋಲ್ ವಿಷಯದಲ್ಲಿ ಕಂಜೂಸ್‌ತನ ಬೇಡ. ಟ್ಯಾಂಕ್ ಮುಚ್ಚಳದ ಒಳಗಿನ ಚೀಟಿಯಲ್ಲಿ ಬರೆದಿರುವ ಪೆಟ್ರೋಲಿನ ದರ್ಜೆ, ಅಂದರೆ ಆಕ್ಟೇನ್‌ಗಿಂತ ಕಡಿಮೆಯದು ಹಾಕಿದರೆ ನಾಕ್ ಸೆನ್ಸರ್ ಕಿಡಿಯ ಸಮಯವನ್ನು ತಡಮಾಡಿ ಎಂಜಿನನ್ನು ಕಾಪಾಡುತ್ತದೆ, ಜೊತೆಗೆ ಬಲವೂ ಇಳಿಯುತ್ತದೆ. ಕಾರು ಪರೀಕ್ಷಿಸಲು ಹೊರಟವರು ಆ ಇಳಿದ ಬಲವನ್ನು ಪರೀಕ್ಷಿಸಿ ಬಂದಂತಾಗುತ್ತದೆ. ನಗರ ಬಿಡುವ ಮೊದಲೇ ದುಬಾರಿ ಪೆಟ್ರೋಲ್ ಟ್ಯಾಂಕ್ ಪೂರ್ತಿ, 64 ಲೀಟರ್, ತುಂಬಿಸಿಕೊಳ್ಳಿ.

ಹೆದ್ದಾರಿಯಲ್ಲಿ ನಿಜವಾಗಿ ಪರೀಕ್ಷಿಸಬಹುದಾದ್ದು ಮೂರು. ಒಂದು, ಸ್ಟೇರಿಂಗ್: ನೇರ ರಸ್ತೆಯಲ್ಲಿ ಕೈ ಹಗುರ ಮಾಡಿದಾಗ ಒಂದೇ ಕಡೆ ಎಳೆಯುತ್ತಿದ್ದರೆ ಅಲೈನ್‌ಮೆಂಟ್ ಹೋಗಿದೆ ಅಥವಾ ಗಾಳಿ ಹೆಚ್ಚುಕಡಿಮೆ ಇದೆ. ಇನ್ನೊಂದು ಕಂಪನ: 90ರ ಹತ್ತಿರ ಸ್ಟೇರಿಂಗ್ ಮಾತ್ರ ನಡುಗಿದರೆ ಮುಂದಿನ ಚಕ್ರದ ಬ್ಯಾಲೆನ್ಸ್, ಸೀಟು ನಡುಗಿದರೆ ಹಿಂದಿನದು, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ಮೂರನೆಯದು ಗೇರ್‌ಬಾಕ್ಸ್: ಮ್ಯಾನ್ಯುಯಲ್‌ಗೆ ಹಾಕಿ, 60ರ ವೇಗದಲ್ಲಿ ಐದರಿಂದ ನಾಲ್ಕು, ನಾಲ್ಕರಿಂದ ಮೂರು ಇಳಿಸಿ. ಪ್ಯಾಡಲ್ ಎಳೆಯುವುದಕ್ಕೂ ಗೇರ್ ಬೀಳುವುದಕ್ಕೂ ನಡುವೆ ಕಾಯುವಂತಾದರೆ, ಅಥವಾ ಹಿಂದಿನಿಂದ ಗುದ್ದಿದಂತಾದರೆ, ಗೆಳೆಯನಿಗೆ ಹೇಳಬೇಕಾದ ವಿಷಯ ಅದು. ಈ ಕಾರಿನಲ್ಲಿ ಮೂರೂ ಸರಿಯಿದ್ದವು. ಹಿಂದಿನ ಎಡ ಟೈರಿನ ಹೂವಿನಲ್ಲಿ ಸಿಕ್ಕಿದ ಕಲ್ಲೊಂದು ಮಾತ್ರ ವಾಣಿಯಂಬಾಡಿ ಟೋಲಿನವರೆಗೂ ಟಿಕ್ ಟಿಕ್ ಎನ್ನುತ್ತಲೇ ಇತ್ತು.

ದಾರಿಯ ನಿಜವಾದ ಕಾಟ ಬೈಕುಗಳು. ಫೋನ್ ಹಿಡಿದು ವಿಡಿಯೊ ಮಾಡುತ್ತಾ ಹಿಂದಿನ ಚಕ್ರದ ಪಕ್ಕದಲ್ಲೇ, ಕನ್ನಡಿಗೆ ಕಾಣದ ಮೂಲೆಯಲ್ಲಿ ಅಂಟಿಕೊಂಡು ಬರುತ್ತಾರೆ. ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಲು ಹೋದರೆ ಅವರೂ ಹೆಚ್ಚಿಸುತ್ತಾರೆ, ಪಾಪ, ಹೆಲ್ಮೆಟ್ ಕೂಡ ಇರುವುದಿಲ್ಲ. ಇಂಡಿಕೇಟರ್ ಹಾಕಿ ಎಡಕ್ಕೆ ಬಂದು 60ಕ್ಕೆ ಇಳಿಯುವುದೇ ಮದ್ದು. ಎರಡು ನಿಮಿಷದಲ್ಲಿ ಬೇಜಾರಾಗಿ ಮುಂದೆ ಹೋಗುತ್ತಾರೆ.

ಆಂಬೂರಿನಲ್ಲಿ ಸೀರಗ ಸಾಂಬಾ ಅಕ್ಕಿಯ ಬಿರಿಯಾನಿ, ಪಕ್ಕದಲ್ಲಿ ಹುಳಿಹುಳಿಯಾದ ಎಣ್ಣೆ ಬದನೆ. ಬೆಳಗಿನ ತಿಂಡಿ ಹೊತ್ತಿಗೇ ಹಂಡೆ ಇಳಿಯದಿದ್ದರೆ ಕಾಯುವುದು ನಷ್ಟವಲ್ಲ. ಕಾರು ಕಣ್ಣಿಗೆ ಬೀಳುವ ಕಡೆ ನಿಲ್ಲಿಸಿ, ಮೂತಿ ಹೊರಕ್ಕಿರಲಿ. ಚಕ್ರ ತಡೆಯುವ ಸಿಮೆಂಟ್ ಕಟ್ಟೆಗಳು ಈ ಮೂತಿಗಿಂತ ಎತ್ತರ ಇರುತ್ತವೆ.

ವಾಲಾಜಾಪೇಟೆಯಿಂದ ಮುಂದೆ ಆರು ಪಥ ಮಾಡುವ ಕೆಲಸ ವರ್ಷಗಟ್ಟಲೆ ನಡೆದ ಭಾಗ. ಡೈವರ್ಷನ್ನು, ಜಲ್ಲಿ, ಒಂದಡಿ ಎತ್ತರದ ಪದರ. ಮುಂದಿನ ಲಾರಿಯಿಂದ ಐವತ್ತು ಮೀಟರ್ ದೂರ ಬಿಡಿ. ಎಂಜಿನ್ ಹಿಂದಿದ್ದರೂ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿವೆ. ಹಾರಿಬಂದ ಕಲ್ಲು ನೇರ ಅಲ್ಲಿಗೇ. ತಂಗುವ ಜಾಗ ಸೇರಿದ ಮೇಲೆ ಆ ಬಾಯಿಗಳಲ್ಲಿ ಸಿಕ್ಕಿದ ಒಣಎಲೆ, ಪ್ಲಾಸ್ಟಿಕ್ ಕವರ್ ತೆಗೆದದ್ದು ಒಂದು ಹಿಡಿಗೂ ಹೆಚ್ಚು. ಮರುದಿನದ ಸೆಕೆಯಲ್ಲಿ ಎಂಜಿನ್ ಅತಿಯಾಗಿ ಕಾಯಲು ಆ ಒಂದು ಹಿಡಿ ಕಸವೇ ಸಾಕಿತ್ತು.

ಎರಡನೇ ದಿನ: ಇರುಂಗಾಟ್ಟುಕೋಟ್ಟೈ

ಕರ್ನಾಟಕದಲ್ಲಿ ಇಂಥ ಕಾರು ಬಿಚ್ಚಿ ಓಡಿಸುವಷ್ಟು ದೊಡ್ಡ ಖಾಯಂ ಟ್ರ್ಯಾಕ್ ಇಲ್ಲ. ಬೆಂಗಳೂರಿನವರು ಕೊಯಮತ್ತೂರಿಗೆ ಹೋಗುತ್ತಾರೆ ಅಥವಾ ಇಲ್ಲಿಗೆ ಬರುತ್ತಾರೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹಿಂದೆ ಶೋಲಾವರಂನ ಹಳೆಯ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ರೇಸ್ ನಡೆಸುತ್ತಿತ್ತು; ಇಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿ 1990ರಲ್ಲಿ ಶುರು ಮಾಡಿತು. ಒಂದು ಸುತ್ತು 3.7 ಕಿ.ಮೀ., 12 ತಿರುವು. ಈಗಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್.

ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಅದರಲ್ಲೂ ಬೆಳಗಿನ ಹೊತ್ತು. ಟ್ರ್ಯಾಕ್ ಡೇಗಳಲ್ಲಿ ಹದಿನೈದು ಇಪ್ಪತ್ತು ನಿಮಿಷದ ಸರದಿ ಕೊಡುತ್ತಾರೆ. ಹೋಗುವ ಮೊದಲು ಕಾರು ಖಾಲಿ ಮಾಡಬೇಕು: ನೀರಿನ ಬಾಟಲಿ, ಕಾಲಿನ ಮ್ಯಾಟು, ಬಾಗಿಲ ಜೇಬಿನ ಚಿಲ್ಲರೆ, ಗೆಳೆಯನ ಕನ್ನಡಕದ ಡಬ್ಬಿ, ಎಲ್ಲ. ಬ್ರೇಕ್ ಪೆಡಲ್ ಕೆಳಗೆ ಉರುಳಿ ಬಂದ ಬಾಟಲಿಗಿಂತ ದೊಡ್ಡ ಯಾಂತ್ರಿಕ ದೋಷ ಇನ್ನೊಂದಿಲ್ಲ. ಹೆಲ್ಮೆಟ್, ತುಂಬುತೋಳಿನ ಹತ್ತಿ ಅಂಗಿ, ತೆಳು ಅಡಿಯ ಶೂ. ಜಾಗಿಂಗ್ ಶೂ ಬೇಡ. ಅದರ ದಪ್ಪ ಅಡಿಯಲ್ಲಿ ಬ್ರೇಕಿನ ಸುದ್ದಿ ಕಾಲಿಗೆ ತಲುಪುವುದೇ ಇಲ್ಲ. ಎಳೆಯುವ ಕೊಕ್ಕೆಯನ್ನು ಟೂಲ್ ಕಿಟ್‌ನಿಂದ ತೆಗೆದು ಬಂಪರಿಗೆ ಮೊದಲೇ ತಿರುಗಿಸಿಟ್ಟರೆ ಜಲ್ಲಿಯಲ್ಲಿ ಹೂತಾಗ ಹುಡುಕುವ ಕೆಲಸ ಇಲ್ಲ.

ಬಾವುಟಗಳ ಅರ್ಥ ಬಾಯಿಪಾಠ ಇರಬೇಕು. ಹಳದಿ ಎಂದರೆ ಮುಂದೆ ಅಪಾಯ, ಯಾರನ್ನೂ ದಾಟಬಾರದು. ಹಳದಿಯ ಮೇಲೆ ಕೆಂಪು ಪಟ್ಟಿ ಎಂದರೆ ಆಯಿಲ್ ಅಥವಾ ಜಾರಿಕೆ. ನೀಲಿ, ಹಿಂದಿನವನು ಬೇಗ ಬರುತ್ತಿದ್ದಾನೆ, ಬಿಡು. ಕೆಂಪು ಬಿದ್ದರೆ ಸರದಿ ನಿಂತಿತು, ನಿಧಾನವಾಗಿ ಟ್ರ್ಯಾಕ್ ಪಕ್ಕದ ಕಾರು ನಿಲ್ಲಿಸುವ ಜಾಗಕ್ಕೆ, ಅಂದರೆ ಪಿಟ್‌ಗೆ. ಕಪ್ಪು ನಿಮಗೇ ತೋರಿಸಿದ್ದರೆ ಒಳಗೆ ಬನ್ನಿ, ಮಾರ್ಷಲ್‌ಗೆ ನಿಮ್ಮ ಹತ್ತಿರ ಮಾತಾಡುವುದಿದೆ.

ಮೊದಲ ಸುತ್ತು ಟೈರು, ಬ್ರೇಕು, ಆಯಿಲ್ ಮೂರನ್ನೂ ಬಿಸಿ ಮಾಡಲು. ಮೋಡ್ ಗುಬ್ಬಿಯನ್ನು ಸ್ಪೋರ್ಟ್‌ಗೆ ಹಾಕಿದರೆ ಸಾಕು. ಸ್ಪೋರ್ಟ್ ಪ್ಲಸ್ ಎರಡನೇ ಸರದಿಗೆ. ಪಿಎಸ್‌ಎಂ, ಅಂದರೆ ಜಾರದಂತೆ ಹಿಡಿಯುವ ವ್ಯವಸ್ಥೆ, ದಿನವಿಡೀ ಚಾಲೂ ಇರಲಿ. ಗೆಳೆಯನ ಕಾರಿನಲ್ಲಿ ಅದನ್ನು ಆರಿಸುವವರ ಬಗ್ಗೆ ನಮಗೆ ಗೌರವ ಇಲ್ಲ.

ಎಂಜಿನ್ ಹಿಂದೆ ಕೂತ ಕಾರನ್ನು ತಿರುಗಿಸುವ ವಿದ್ಯೆ ಬೇರೆ ಕಾರುಗಳಿಗಿಂತ ಬೇರೆ. ಕಾರಿನ ತೂಕದ ಶೇಕಡಾ ಅರವತ್ತಕ್ಕೂ ಹೆಚ್ಚು ಪಾಲು ಹಿಂದಿನ ಚಕ್ರಗಳ ಮೇಲೆ. ಮುಂದಿನ ಟೈರಿಗೆ ಹಿಡಿತ ಬರಬೇಕಾದರೆ ಭಾರ ಮುಂದಕ್ಕೆ ಬರಬೇಕು, ಭಾರ ಮುಂದಕ್ಕೆ ತರುವುದು ಬ್ರೇಕು. ಆದ್ದರಿಂದ ನೇರದಲ್ಲಿ ಜೋರಾಗಿ ಬ್ರೇಕ್ ಒತ್ತಿ, ತಿರುವಿನೊಳಗೆ ಸ್ಟೇರಿಂಗ್ ತಿರುಗಿಸುತ್ತಾ ಹೋದಂತೆ ಬ್ರೇಕನ್ನು ಎಳೆಎಳೆಯಾಗಿ ಬಿಡಬೇಕು. ಪೂರ್ತಿ ಬಿಟ್ಟು ತಿರುಗಿಸಿದರೆ, ಅಥವಾ ಆತುರಪಟ್ಟು ಆಕ್ಸಿಲರೇಟರ್ ಮುಟ್ಟಿದರೆ, ಮೂತಿ ಹಗುರಾಗಿ ಕಾರು ಹೊರಕ್ಕೆ ನೇರ ಹೋಗುತ್ತದೆ. ಇದರ ಉಲ್ಟಾ ತಪ್ಪು ಇನ್ನೂ ದುಬಾರಿ: ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ಕೀಳುವುದು. ಆಗ ಭಾರವೆಲ್ಲ ಮುಂದಕ್ಕೆ ನುಗ್ಗಿ, ಹಿಂಭಾಗ ಹಗುರಾಗಿ, ಎಂಜಿನ್ ಎಂಬ ಗುಂಡು ಹಗ್ಗದ ತುದಿಯ ಕಲ್ಲಿನಂತೆ ಬೀಸಿ ಬರುತ್ತದೆ. ಹಳೆಯ 911ಗಳಲ್ಲಿ ಎಷ್ಟೋ ಜನ ಹೀಗೇ ಹಿಂದುಮುಂದಾಗಿ ಹುಲ್ಲಿಗಿಳಿದದ್ದು. ಹೊಸದರಲ್ಲಿ ಅಗಲ ಟೈರು, ಪಿಎಸ್‌ಎಂ ಸೇರಿ ಕಾಪಾಡುತ್ತವೆ. ಆದರೆ ಭೌತಶಾಸ್ತ್ರ ಅದೇ. ಮುಖ್ಯ ನೇರದ ಕೊನೆಗೆ ಬರುವ ಬಲತಿರುವು, ಇಲ್ಲಿಯವರು ಸಿ-1 ಎನ್ನುವುದು, ತುಂಬಾ ವೇಗದ್ದು. ಎರಡನೇ ಸರದಿಯವರೆಗೂ ಅಲ್ಲಿ ಧೈರ್ಯ ತೋರಿಸುವ ಅಗತ್ಯವಿಲ್ಲ.

ತಿರುವಿನ ನಡುವೆ ಕಾಯುವುದನ್ನು ಕಲಿತ ಮೇಲೆ ಈ ಕಾರಿನ ಬಲ ಎಲ್ಲಿದೆ ಎಂದು ಗೊತ್ತಾಗುತ್ತದೆ. ಹೊರಬರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಹಿಂದಿನ ಚಕ್ರ ಸುತ್ತಿ ವ್ಯರ್ಥವಾಗುವುದಿಲ್ಲ. ಮುನ್ನೂರೈದರ ಟೈರಿನ ಮೇಲೆ ಎಂಜಿನ್ನೇ ಕೂತಿದೆಯಲ್ಲ. 530 ನ್ಯೂಟನ್ ಮೀಟರ್ ಟಾರ್ಕ್ 2,300 ಆರ್‌ಪಿಎಂಗೇ ಸಿಗುವುದರಿಂದ ಒಂದು ಗೇರ್ ಮೇಲೆ ಇಟ್ಟರೂ ಎಳೆಯುತ್ತದೆ. ಮೂರರಲ್ಲಿ ಗುದ್ದಾಡುವುದಕ್ಕಿಂತ ನಾಲ್ಕರಲ್ಲಿ ನಯವಾಗಿ ಹೋಗುವವನೇ ಇಲ್ಲಿ ಬೇಗ.

ಮೂರನೇ ಸುತ್ತು ಮುಗಿಯುವಷ್ಟರಲ್ಲಿ ಪರದೆಯಲ್ಲಿ ಹಿಂದಿನ ಟೈರಿನ ಗಾಳಿ ಬೆಳಗ್ಗಿಗಿಂತ 7 ಪಿಎಸ್‌ಐ ಮೇಲೆ. ಉಷ್ಣತೆ ಐದಾರು ಡಿಗ್ರಿ ಏರಿದಂತೆ ಒಂದೊಂದು ಪಿಎಸ್‌ಐ ಏರುತ್ತದೆ. ಟೈರು ಉಬ್ಬಿ, ನಡುಭಾಗ ಮಾತ್ರ ನೆಲ ಮುಟ್ಟಿ, ಕಾರು ಎಣ್ಣೆ ಮೇಲೆ ಹೋದಂತೆ ಜಾರುತ್ತದೆ. ಓಡಿಸುವವನು ತನ್ನ ಕೈ ಕೆಟ್ಟಿತೆಂದುಕೊಳ್ಳುತ್ತಾನೆ. ಪಿಟ್‌ಗೆ ಬಂದು, ಬಿಸಿ ಇರುವಾಗಲೇ, ನಾಲ್ಕೂ ಟೈರಿನಲ್ಲಿ 4 ಪಿಎಸ್‌ಐ ಬಿಟ್ಟದ್ದೇ ಎರಡನೇ ಸರದಿಯಲ್ಲಿ ಬೇರೆಯೇ ಕಾರು. ಇಲ್ಲಿ ಮರೆಯಬಾರದ್ದು: ಬಿಟ್ಟ ಗಾಳಿಯನ್ನು ಹೆದ್ದಾರಿಗೆ ಹೋಗುವ ಮೊದಲು, ಟೈರು ತಣ್ಣಗಾದ ಮೇಲೆ, ಮತ್ತೆ ತುಂಬಬೇಕು. ಕಡಿಮೆ ಗಾಳಿಯಲ್ಲಿ ಗುಂಡಿಗೆ ಬಿದ್ದರೆ ಒಡೆಯುವುದು ರಿಮ್ಮು.

ಎಲ್ಲ ಸರದಿಯ ಕೊನೆಯ ಸುತ್ತು ತಣ್ಣಗಾಗಲು. ಬ್ರೇಕ್ ಆದಷ್ಟೂ ಮುಟ್ಟದೆ, ನಾಲ್ಕನೇ ಐದನೇ ಗೇರಿನಲ್ಲಿ. ಪಿಟ್‌ನಲ್ಲಿ ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಬಟನ್ ಒತ್ತಬೇಡಿ, ಬ್ರೇಕ್ ಪೆಡಲ್ ಒತ್ತಿ ಹಿಡಿದುಕೊಂಡೂ ಕೂರಬೇಡಿ. ಕೆಂಡದಂಥ ಡಿಸ್ಕಿಗೆ ಪ್ಯಾಡ್ ಒಂದೇ ಕಡೆ ಒತ್ತಿಕೊಂಡರೆ ಅಲ್ಲಿ ಅದರ ಪದರ ಅಂಟಿ, ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ನಡುಕ. ಡಿಸ್ಕ್ ಬಾಗಿದೆ ಎಂದು ಮೆಕ್ಯಾನಿಕ್‌ಗಳು ಹೇಳುವುದರಲ್ಲಿ ಬಹುಪಾಲು ಇದೇ. ಪಿ ಗೇರ್, ಚಕ್ರಕ್ಕೆ ಒಂದು ಮರದ ತುಂಡು, ಎಂಜಿನ್ ಎರಡು ನಿಮಿಷ ಐಡಲ್.

ನಾಲ್ಕು ಸರದಿ, ಸುಮಾರು 110 ಕಿ.ಮೀ. ಹೆದ್ದಾರಿಯಲ್ಲಿ ಹತ್ತು ಕೊಟ್ಟ ಕಾರು ಇಲ್ಲಿ ಲೀಟರಿಗೆ ಮೂರು. ಬೇಸರದ ಸಂಗತಿ ಒಂದೇ: ಮೂರನೇ ಸರದಿಯ ಕೊನೆಗೆ ಪೆಡಲ್ ಅರ್ಧ ಇಂಚು ಹೆಚ್ಚು ಒಳಗೆ ಹೋಗತೊಡಗಿತು. ಸರ್ವಿಸ್ ಪುಸ್ತಕದ ಪ್ರಕಾರ ಬ್ರೇಕ್ ಆಯಿಲ್ ಬದಲಿಸಿ ಇಪ್ಪತ್ತೆರಡು ತಿಂಗಳು. ಅವಧಿಯೊಳಗೇ ಇದೆ, ಆದರೆ ಆ ಅವಧಿ ರಸ್ತೆಗೆ ಬರೆದದ್ದು, ಟ್ರ್ಯಾಕಿಗಲ್ಲ. ನಾಲ್ಕನೇ ಸರದಿಯಲ್ಲಿ ಮೂರೇ ಸುತ್ತು, ಎಲ್ಲ ಕಡೆ ಇಪ್ಪತ್ತು ಮೀಟರ್ ಮೊದಲೇ ಬ್ರೇಕ್.

ಸಂಜೆ ಕಾರು ತಣಿದ ಮೇಲೆ ಟಾರ್ಕ್ ಪಾನಾದಲ್ಲಿ ಇಪ್ಪತ್ತೂ ಬೋಲ್ಟ್ ನೋಡಿದಾಗ ಅವುಗಳಲ್ಲಿ ಎರಡು ಮಾತ್ರ ಚೂರೇ ಚೂರು ತಿರುಗಿದವು. ಆಯಿಲ್ ಮಟ್ಟ ಪರದೆಯಲ್ಲಿ ಒಂದು ಗೀಟು ಇಳಿದಿತ್ತು. ಬಾಡಿಯ ಅಂಚಿಗೆ ಕಪ್ಪು ರಬ್ಬರ್ ಉಂಡೆಗಳು ಅಂಟಿದ್ದವು. ಉಗುರಿನಿಂದ ಕೆರೆಯಬಾರದು, ಒದ್ದೆ ಬಟ್ಟೆಯಲ್ಲಿ ನೆನೆಸಿ ತೆಗೆಯಬೇಕು.

ಮೂರನೇ ದಿನ: ಏಲಗಿರಿ ಹತ್ತಿ ಮನೆಗೆ

ವಾಣಿಯಂಬಾಡಿ ದಾಟಿ ಹೆದ್ದಾರಿ ಬಿಟ್ಟರೆ ಏಲಗಿರಿ. ಹದಿನಾಲ್ಕು ಹೇರ್‌ಪಿನ್, ಒಂದೊಂದಕ್ಕೂ ತಮಿಳು ಕವಿಗಳ ಇಲ್ಲವೇ ಹಳೆಯ ದಾನಿ ದೊರೆಗಳ ಹೆಸರು. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಇಲ್ಲಿ ಎದುರಿಗೆ ಸರ್ಕಾರಿ ಬಸ್ಸು. ನೆನ್ನೆ ಕಲಿತದ್ದರಲ್ಲಿ ಅರ್ಧವನ್ನು ಬೆಟ್ಟದ ಬುಡದಲ್ಲೇ ಇಳಿಸಿ ಹೋಗಬೇಕು.

ಎಡ ಹೇರ್‌ಪಿನ್‌ಗಳ ಒಳಅಂಚು ಕಡಿದಾಗಿ ಏರುತ್ತದೆ, ಪಕ್ಕದಲ್ಲೇ ಮೋರಿ. ಒಳಕ್ಕೆ ಕತ್ತರಿಸಿ ಹೋದರೆ ಮೂತಿಯ ತುಟಿ ಉಜ್ಜುವುದು ಗ್ಯಾರಂಟಿ. ಲೇನಿನ ಹೊರಭಾಗ ಹಿಡಿದು, ಹಾರ್ನ್ ಹಾಕಿ, ಲಿಫ್ಟ್ ಎತ್ತಿ, ಮೊದಲ ಗೇರಿನಲ್ಲಿ. ಡ್ರೈವ್‌ನಲ್ಲೇ ಬಿಟ್ಟರೆ ಗೇರ್ ಪೆಟ್ಟಿಗೆ ಎರಡಕ್ಕೋ ಮೂರಕ್ಕೋ ಹೋಗಿ, ತಿರುವಿನ ಮಧ್ಯೆ ಇಳಿಸಲು ಹೊರಟು ಮುಗ್ಗರಿಸುತ್ತದೆ. ಮ್ಯಾನ್ಯುಯಲ್ ಹಾಕುವುದು ಒಳ್ಳೆಯದು. ಮಂಜು ಅಥವಾ ಮಳೆ ಇದ್ದರೆ ವೆಟ್ ಮೋಡ್. ಮುಂದಿನ ಚಕ್ರದ ಗೂಡಿನಲ್ಲಿರುವ ಸೆನ್ಸರ್ ನೀರು ಚಿಮ್ಮುವ ಸದ್ದು ಕೇಳಿಸಿಕೊಂಡು ತಾನೇ ಎಚ್ಚರಿಸುತ್ತದೆ, ಆದರೆ ಮೋಡ್ ಹಾಕುವುದು ನಿಮ್ಮ ಕೈ.

ಇಳಿಯುವಾಗ ಎರಡನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಹಿಡಿಯುತ್ತದೆ. ನೆನ್ನೆ ಬೆಂದ ಬ್ರೇಕ್ ಆಯಿಲ್ ಇರುವಾಗ ಇದು ಬರೀ ನಾಜೂಕಿನ ಮಾತಲ್ಲ. ಕೋತಿಗಳಿಗೆ ಹಣ್ಣು ಕೊಡಲು ತಿರುವಿನಲ್ಲೇ ಕಾರು ನಿಲ್ಲಿಸುವವರಿರುತ್ತಾರೆ. ಐದನೇ ತಿರುವಿನಲ್ಲಿ ಹಾಗೆ ನಿಂತ ವ್ಯಾನಿನ ಹಿಂದೆ ಹತ್ತು ನಿಮಿಷ. ರೇಡಿಯೇಟರ್ ಫ್ಯಾನುಗಳು ಜೋರಾಗಿ ತಿರುಗತೊಡಗಿದವು, ಕೂಲೆಂಟ್ ಮುಳ್ಳು ಕದಲಲಿಲ್ಲ.

ಬೆಂಗಳೂರಿಗೆ ಬಂದದ್ದು ಕತ್ತಲಾದ ಮೇಲೆ. ಬಂಕ್‌ನಲ್ಲಿ ಅದೇ ದುಬಾರಿ ಪೆಟ್ರೋಲ್, ಕೊಟ್ಟಾಗ ಇದ್ದ ಗೀಟಿನವರೆಗೆ. ವಾಟರ್ ವಾಶ್ ಮಾಡಿಸುವುದಾದರೆ ಹೈ ಪ್ರೆಷರ್ ನೀರನ್ನು ಬಿಸಿ ಡಿಸ್ಕಿಗೂ ರೇಡಿಯೇಟರ್ ರೆಕ್ಕೆಗಳಿಗೂ ಹಿಡಿಯದಂತೆ ಪಕ್ಕದಲ್ಲೇ ನಿಂತು ನೋಡಿ. ಗೆಳೆಯನಿಗೆ ಒಂದು ಚೀಟಿ: ಒಟ್ಟು 800 ಕಿ.ಮೀ.ಗೆ ಸ್ವಲ್ಪ ಕಡಿಮೆ. ಬ್ರೇಕ್ ಆಯಿಲ್ ಈ ವಾರವೇ ಬದಲಿಸಬೇಕು, ಖರ್ಚು ಓಡಿಸಿದವರದ್ದು. ಹಿಂದಿನ ಟೈರಿನ ಹೊರಭುಜ ಚೂರು ಸವೆದಿದೆ. ಆಯಿಲ್ ಒಂದು ಗೀಟು ಇಳಿದಿದೆ, ಇನ್ನೂ ಹಾಕಿಲ್ಲ. ಬೋಲ್ಟ್‌ಗಳನ್ನು ಮತ್ತೊಮ್ಮೆ ನೋಡಿಸು.

ಗೆಳೆಯ ಚೀಟಿ ಜೇಬಿಗಿಟ್ಟು, ಫೋನಿನ ಟಾರ್ಚ್ ಹಚ್ಚಿ, ಮಂಡಿಯೂರಿ ಮುಂದಿನ ಬಂಪರಿನ ಅಡಿ ನೋಡಿದ.